ಅಮೆರಿಕದ ಸೆಕ್ಯೂರಿಟಿ ಕ್ಲಿಯರೆನ್ಸ್: ಓಸಿಐ ಕಾರ್ಡ್, ಊರಿನ ಮನೆ, ಅಪ್ಪ ಅಮ್ಮ ಅಡ್ಡಿಯಾಗುತ್ತಾರೆಯೇ?

"ಓಸಿಐ ಕಾರ್ಡ್ ಇದ್ದರೆ ಕ್ಲಿಯರೆನ್ಸ್ ಸಿಗಲ್ವಾ?" "ಅಪ್ಪ ಅಮ್ಮ ಇನ್ನೂ ಮೈಸೂರಿನಲ್ಲೇ ಇದ್ದಾರೆ, ಅರ್ಜಿ ಹಾಕಿ ಪ್ರಯೋಜನ ಇದೆಯಾ?" "ಊರಿನ ಸೈಟ್ ಮಾರಿಬಿಡಲಾ?" ಅಮೆರಿಕದ ಪೌರತ್ವ ಪಡೆದ ಕನ್ನಡಿಗರು ರಕ್ಷಣಾ ಕಂಪನಿಗಳಲ್ಲಿ ಅಥವಾ ಫೆಡರಲ್ ಇಲಾಖೆಗಳಲ್ಲಿ ಕೆಲಸ ಹುಡುಕಲು ಶುರು ಮಾಡಿದಾಗ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. (ಓಸಿಐ ಎಂದರೆ ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ, ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಭಾರತ ಸರ್ಕಾರ ಕೊಡುವ ಕಾರ್ಡ್.) ಭಾರತದಲ್ಲಿ ಹುಟ್ಟಿದ, ಅಲ್ಲಿ ಕುಟುಂಬ ಇರುವ ಎಷ್ಟೋ ಜನ ಕ್ಲಿಯರೆನ್ಸ್ ಪಡೆದು ಕೆಲಸ ಮಾಡುತ್ತಿದ್ದಾರೆ. ನಂಟು ಇದೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ತಳ್ಳಿಹಾಕುವುದಿಲ್ಲ. ಆದರೆ ಆ ನಂಟನ್ನು ಅರ್ಜಿಯಲ್ಲಿ ಬಿಟ್ಟುಬಿಟ್ಟವರು ಮತ್ತು ಅರ್ಧಂಬರ್ಧ ಬರೆದವರು ನಿಜಕ್ಕೂ ತೊಂದರೆಗೆ ಸಿಕ್ಕಿದ್ದಾರೆ.

ಸೆಕ್ಯೂರಿಟಿ ಕ್ಲಿಯರೆನ್ಸ್ ಎಂದರೆ ಸರ್ಕಾರದ ಗುಟ್ಟಿನ ಮಾಹಿತಿಯನ್ನು ನೋಡಲು ನೀವು ಅರ್ಹರು ಎಂಬ ತೀರ್ಮಾನ. ಇದರಲ್ಲಿ ಕಾನ್ಫಿಡೆನ್ಶಿಯಲ್, ಸೀಕ್ರೆಟ್, ಟಾಪ್ ಸೀಕ್ರೆಟ್ ಎಂದು ಮೂರು ಹಂತಗಳಿವೆ. ಗುಪ್ತಚರ ಮಾಹಿತಿ ನೋಡಬೇಕಾದವರಿಗೆ ಅದರ ಮೇಲೆ ಎಸ್‌ಸಿಐ ಎಂಬ ಇನ್ನೊಂದು ಅನುಮತಿ ಬೇಕು, ಅಲ್ಲಿ ಪರಿಶೀಲನೆ ಇನ್ನೂ ಬಿಗಿ. ಅರ್ಹತೆ ಅಳೆಯಲು 13 ಮಾರ್ಗಸೂಚಿಗಳಿವೆ. ಅವು ಸೀಡ್-4 (SEAD 4) ಎಂಬ ಸರ್ಕಾರಿ ನಿರ್ದೇಶನದಲ್ಲಿವೆ. ಅದು 2017ರ ಜೂನ್ 8ರಿಂದ ಎಲ್ಲ ಇಲಾಖೆಗಳಿಗೂ ಅನ್ವಯಿಸುತ್ತಿದೆ. ನಮ್ಮ ವಿಷಯಕ್ಕೆ ಮುಖ್ಯವಾದವು ಮೂರು. 'ಬಿ' ವಿದೇಶಿ ಪ್ರಭಾವದ ಬಗ್ಗೆ: ವಿದೇಶದಲ್ಲಿರುವ ನಿಮ್ಮವರನ್ನೋ ಆಸ್ತಿಯನ್ನೋ ಹಿಡಿದು ಯಾರಾದರೂ ನಿಮ್ಮ ಮೇಲೆ ಒತ್ತಡ ಹಾಕಬಹುದೇ ಎಂದು ನೋಡುತ್ತದೆ. 'ಸಿ' ವಿದೇಶದ ಕಡೆಗಿನ ಒಲವಿನ ಬಗ್ಗೆ: ನಿಮ್ಮ ನಡವಳಿಕೆ ಅಮೆರಿಕಕ್ಕಿಂತ ಬೇರೆ ದೇಶದ ಪರ ಇದೆಯೇ ಎಂದು ಕೇಳುತ್ತದೆ. 'ಇ' ನಿಮ್ಮ ಪ್ರಾಮಾಣಿಕತೆಯ ಬಗ್ಗೆ. ಮೊದಲ ಎರಡರಲ್ಲಿ ವಿವರಣೆ ಕೊಟ್ಟು ಪಾರಾಗಬಹುದು. ಮೂರನೆಯದರಲ್ಲಿ ಸಿಕ್ಕಿಬಿದ್ದರೆ ಹೊರಬರುವುದು ಕಷ್ಟ.

1. ಮೊದಲು ಅರ್ಹತೆ ನೋಡಿಕೊಳ್ಳಿ

ಕ್ಲಿಯರೆನ್ಸ್ ಅಮೆರಿಕದ ಪೌರರಿಗೆ ಮಾತ್ರ. ಗ್ರೀನ್ ಕಾರ್ಡ್ ಸಾಲದು. ಪೌರರಲ್ಲದವರಿಗೆ ತೀರಾ ಅಪರೂಪಕ್ಕೆ ಸೀಮಿತ ಅನುಮತಿ ಕೊಡುವುದುಂಟು, ಅದನ್ನು ನಂಬಿಕೊಂಡು ಯೋಜನೆ ಹಾಕಬೇಡಿ.

ನೀವಾಗಿಯೇ ಅರ್ಜಿ ಹಾಕಲು ಬರುವುದಿಲ್ಲ. ಕ್ಲಿಯರೆನ್ಸ್ ಬೇಕಾದ ಕೆಲಸಕ್ಕೆ ನಿಮ್ಮನ್ನು ಆರಿಸಿದ ಕಂಪನಿ ಅಥವಾ ಇಲಾಖೆಯೇ ಪ್ರಕ್ರಿಯೆ ಶುರು ಮಾಡಬೇಕು. ನಿಮ್ಮಿಂದ ಯಾವ ಶುಲ್ಕವೂ ಇಲ್ಲ. "ದುಡ್ಡು ಕೊಡಿ, ಕ್ಲಿಯರೆನ್ಸ್ ಮಾಡಿಸಿಕೊಡುತ್ತೇವೆ" ಎನ್ನುವವರ ಹತ್ತಿರ ಹೋಗಬೇಡಿ.

ಕಂಪನಿಯಲ್ಲಿ ಎಫ್‌ಎಸ್‌ಒ ಎಂಬ ಭದ್ರತಾ ಅಧಿಕಾರಿ ಇರುತ್ತಾರೆ. ಇನ್ನು ಮುಂದೆ ಏನೇ ಅನುಮಾನ ಬಂದರೂ ಮೊದಲು ಕೇಳಬೇಕಾದದ್ದು ಇವರನ್ನು, ಕನ್ನಡ ಕೂಟದ ಗೆಳೆಯರನ್ನಲ್ಲ.

2. ಪೌರತ್ವದ ವಿಷಯ ಸರಿಮಾಡಿಕೊಳ್ಳಿ

ಎಲ್ಲಕ್ಕಿಂತ ಜಾಸ್ತಿ ಗೊಂದಲ ಇರುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಭಾರತ ಎರಡು ಪೌರತ್ವವನ್ನು ಒಪ್ಪುವುದಿಲ್ಲ. 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ನೀವಾಗಿ ಬೇರೆ ದೇಶದ ಪೌರತ್ವ ಪಡೆದ ಕ್ಷಣವೇ ಭಾರತದ ಪೌರತ್ವ ತಾನಾಗಿ ಹೋಗುತ್ತದೆ. ಅಮೆರಿಕದ ಪ್ರಮಾಣವಚನ ತೆಗೆದುಕೊಂಡ ದಿನವೇ ಅದು ಮುಗಿಯಿತು. ಓಸಿಐ ಕಾರ್ಡಿನ ಹೆಸರಿನಲ್ಲಿ 'ಸಿಟಿಜನ್' ಎಂದಿದ್ದರೂ ಅದು ಪೌರತ್ವ ಅಲ್ಲ. ಜೀವನಪೂರ್ತಿ ನಡೆಯುವ ವೀಸಾ ಮತ್ತು ಅದರ ಜೊತೆ ಕೆಲವು ಸೌಲಭ್ಯ, ಅಷ್ಟೇ. ಓಸಿಐ ಇರುವವರು ಮತ ಹಾಕುವಂತಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ.

ಕ್ಲಿಯರೆನ್ಸ್‌ಗಾಗಿ ನೀವು ತುಂಬುವ ಎಸ್‌ಎಫ್-86 ಎಂಬ ಅರ್ಜಿಯ 10ನೇ ಭಾಗದಲ್ಲಿ "ಈಗ ಅಥವಾ ಹಿಂದೆ ಎಂದಾದರೂ ಎರಡು ಪೌರತ್ವ ಇತ್ತೇ?" ಎಂದು ಕೇಳುತ್ತಾರೆ. "ಬೇರೆ ದೇಶದ ಪಾಸ್‌ಪೋರ್ಟ್ ಅಥವಾ ಪ್ರಯಾಣದ ಗುರುತಿನ ಚೀಟಿ ಎಂದಾದರೂ ಪಡೆದಿದ್ದೀರಾ?" ಎಂಬ ಪ್ರಶ್ನೆಯೂ ಅಲ್ಲೇ ಇದೆ. ಹಳೆಯ ಭಾರತೀಯ ಪಾಸ್‌ಪೋರ್ಟಿನ ವಿವರವನ್ನು ಎರಡನೇ ಪ್ರಶ್ನೆಗೆ ಕೊಡಲೇಬೇಕು. ಓಸಿಐ ಬಗ್ಗೆ ನನ್ನ ಸಲಹೆ ಇಷ್ಟು: ಅದು ಪೌರತ್ವ ಅಲ್ಲ ಎಂದು ಸುಮ್ಮನಿರಬೇಡಿ. ಟಿಪ್ಪಣಿ ಬರೆಯುವ ಜಾಗದಲ್ಲಿ ಕಾರ್ಡ್ ಇದೆ, ಯಾವಾಗ ಪಡೆದದ್ದು, ಯಾಕೆ ಪಡೆದದ್ದು ಎಂದು ಎರಡು ಸಾಲು ಬರೆಯಿರಿ. ಅಪ್ಪ ಅಮ್ಮನನ್ನು ನೋಡಲು ಪದೇ ಪದೇ ವೀಸಾ ಮಾಡಿಸುವ ಕಷ್ಟ ತಪ್ಪಲಿ ಎಂದು ಪಡೆದಿದ್ದರೆ ಹಾಗೆಯೇ ಬರೆಯಿರಿ. ಕಾರಣ ಅದೇ ಅಲ್ವಾ?

ಅರ್ಜಿಗೂ ಮೊದಲು ಮಾಡಿ ಮುಗಿಸಬೇಕಾದ ಎರಡು ಕೆಲಸಗಳಿವೆ. ಒಂದು, ಭಾರತದ ಪಾಸ್‌ಪೋರ್ಟನ್ನು ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್ ಪಡೆಯುವುದು, ಮತ್ತು ಅದರ ಪ್ರತಿ ಇಟ್ಟುಕೊಳ್ಳುವುದು. ಅಮೆರಿಕದ ಪೌರರಾದ ಮೇಲೂ ಹಳೆಯ ಪಾಸ್‌ಪೋರ್ಟಿನಲ್ಲಿ ಓಡಾಡುವುದು ಭಾರತದ ಕಾನೂನಿನಲ್ಲೂ ತಪ್ಪು, ಇಲ್ಲಿನ ತನಿಖೆಯಲ್ಲೂ ಕೆಟ್ಟದಾಗಿ ಕಾಣುತ್ತದೆ. ಎರಡು, ಊರಿನ ಮತದಾರರ ಪಟ್ಟಿಯಲ್ಲಿ ಹೆಸರು ಉಳಿದಿದ್ದರೆ ತೆಗೆಸುವುದು. ಪೌರತ್ವ ಬದಲಾದ ಮೇಲೆ ರಜೆಗೆ ಹೋದಾಗ "ಹೆಸರಿದೆ, ಬಂದು ಒಂದು ಓಟು ಹಾಕು" ಎಂದು ಯಾರೇ ಕರೆದರೂ ಹೋಗಬೇಡಿ.

ನಿಜವಾಗಿ ಎರಡು ಪೌರತ್ವ ಇರುವ ಕನ್ನಡಿಗರೂ ಇದ್ದಾರೆ. ಕೆನಡಾ, ಬ್ರಿಟನ್ ಅಥವಾ ಆಸ್ಟ್ರೇಲಿಯಾದ ಪೌರರಾಗಿ, ಆಮೇಲೆ ಅಮೆರಿಕಕ್ಕೆ ಬಂದವರು. ಈ ದೇಶಗಳು ಎರಡು ಪೌರತ್ವವನ್ನು ಒಪ್ಪುತ್ತವೆ. ಹೆದರಬೇಕಾಗಿಲ್ಲ. ಎರಡು ಪೌರತ್ವ ಇದೆ ಎಂಬುದೊಂದೇ ಅನರ್ಹತೆ ಅಲ್ಲ ಎಂದು ಸೀಡ್-4 ನೇರವಾಗಿ ಹೇಳುತ್ತದೆ. ಹಿತಾಸಕ್ತಿಗಳ ತಿಕ್ಕಾಟವೋ ಮುಚ್ಚಿಡುವ ಪ್ರಯತ್ನವೋ ಕಂಡರೆ ಮಾತ್ರ ತೊಡಕು. ಇನ್ನೊಂದು ಪಾಸ್‌ಪೋರ್ಟ್ ಇದ್ದರೂ ಅಮೆರಿಕದಿಂದ ಹೊರಡುವಾಗ ಮತ್ತು ಒಳಗೆ ಬರುವಾಗ ಅಮೆರಿಕದ ಪಾಸ್‌ಪೋರ್ಟನ್ನೇ ತೋರಿಸಿ. ತೋರಿಸದಿರುವುದು 'ಸಿ' ಮಾರ್ಗಸೂಚಿಯಲ್ಲಿ ಆಕ್ಷೇಪಕ್ಕೆ ಕಾರಣ ಎಂದೇ ಬರೆದಿದೆ.

ಒಂದು ಎಚ್ಚರಿಕೆ: "ವಿದೇಶಿ ಪಾಸ್‌ಪೋರ್ಟ್ ಒಪ್ಪಿಸದಿದ್ದರೆ ಕ್ಲಿಯರೆನ್ಸ್ ಇಲ್ಲ" ಎಂಬ ಸಲಹೆ ಇಂಟರ್ನೆಟ್‌ನಲ್ಲಿ ಇನ್ನೂ ಓಡಾಡುತ್ತಿದೆ. ಅದು 2017ಕ್ಕಿಂತ ಹಿಂದಿನ ಪದ್ಧತಿ. ಯಾವುದೇ ಲೇಖನ ಓದುವಾಗ ಬರೆದ ವರ್ಷ ನೋಡಿ. ಭಾರತದ ಪಾಸ್‌ಪೋರ್ಟಿನ ಮಾತು ಬೇರೆ, ಅದನ್ನು ಒಪ್ಪಿಸಲೇಬೇಕೆಂದು ಭಾರತದ ಕಾನೂನೇ ಹೇಳುತ್ತದೆ.

3. ಹೆಸರು, ಹುಟ್ಟಿದ ದಿನ, ವಿಳಾಸ ಹೊಂದಿಸಿ

ಅರ್ಜಿ ತುಂಬುವುದು ಇ-ಆ್ಯಪ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ. ಕೂರುವ ಮೊದಲು ದಾಖಲೆಗಳನ್ನು ಒಟ್ಟುಮಾಡಿಕೊಳ್ಳಿ: ನ್ಯಾಚುರಲೈಸೇಷನ್ ಸರ್ಟಿಫಿಕೇಟ್, ಹಳೆಯ ಮತ್ತು ಹೊಸ ಪಾಸ್‌ಪೋರ್ಟ್ ಪ್ರತಿಗಳು, 10 ವರ್ಷಗಳ ವಿಳಾಸ ಮತ್ತು ಉದ್ಯೋಗದ ಪಟ್ಟಿ.

ನಮ್ಮವರಿಗೆ ಹೆಸರಿನದ್ದೇ ದೊಡ್ಡ ಕಿರಿಕಿರಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಬರೀ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೇ ಸರ್‌ನೇಮ್, ಡಿಗ್ರಿ ಸರ್ಟಿಫಿಕೇಟಿನಲ್ಲಿ ಊರಿನ ಹೆಸರೂ ಸೇರಿರುತ್ತದೆ. ನೀವು ಬಳಸಿದ ಬೇರೆ ಹೆಸರುಗಳನ್ನು ಅರ್ಜಿ ಕೇಳುತ್ತದೆ. ಎಲ್ಲ ರೂಪಗಳನ್ನೂ ಕಾಗುಣಿತದ ವ್ಯತ್ಯಾಸ ಸಮೇತ ಬರೆಯಿರಿ, ಯಾವಾಗಿನಿಂದ ಯಾವಾಗಿನವರೆಗೆ ಎಂದೂ ಹೇಳಿ.

ಅಪ್ಪ ಅಮ್ಮನ ಹುಟ್ಟಿದ ದಿನದ ಕಥೆಯೂ ಹೀಗೇ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ತಾರೀಖು ಒಂದು, ನಿಜವಾದದ್ದು ಇನ್ನೊಂದು. ಅವರ ಪಾಸ್‌ಪೋರ್ಟಿನಲ್ಲಿ ಇರುವುದನ್ನು ಬರೆದು, ವ್ಯತ್ಯಾಸ ಇದ್ದರೆ ಟಿಪ್ಪಣಿಯಲ್ಲಿ ತಿಳಿಸಿ. ಗೊತ್ತಿಲ್ಲದ ತಾರೀಖಿಗೆ 'ಅಂದಾಜು' ಎಂದು ಗುರುತು ಹಾಕುವ ಅವಕಾಶ ಇದೆ. ಮನಸ್ಸಿಗೆ ಬಂದ ತಾರೀಖು ಹಾಕಬೇಡಿ.

4. ಯಾರ್ಯಾರ ಹೆಸರು ಬರೆಯಬೇಕು?

18ನೇ ಭಾಗ ಬಂಧುಗಳಿಗೆ. ತಂದೆ, ತಾಯಿ, ಮಕ್ಕಳು, ಒಡಹುಟ್ಟಿದವರು, ಮಲತಾಯಿ, ಮಲತಂದೆಯಂಥ ಮಲಸಂಬಂಧಿಗಳು, ಅತ್ತೆ, ಮಾವ ಎಲ್ಲರೂ ಬರಬೇಕು. ತೀರಿಕೊಂಡವರ ಹೆಸರೂ ಬೇಕು. ವಿದೇಶದಲ್ಲಿರುವ, ಅಮೆರಿಕದ ಪೌರರಲ್ಲದ ಬಂಧುಗಳ ಬಗ್ಗೆ ಇನ್ನೂ ಕೇಳುತ್ತಾರೆ: ಯಾವ ರೀತಿಯ ಸಂಪರ್ಕ, ಎಷ್ಟು ದಿನಕ್ಕೊಮ್ಮೆ, ಎಲ್ಲಿ ಕೆಲಸ, ಆ ದೇಶದ ಸರ್ಕಾರ, ಸೇನೆ, ರಕ್ಷಣಾ ಉದ್ಯಮ ಅಥವಾ ಗುಪ್ತಚರ ಸಂಸ್ಥೆಯ ಜೊತೆ ನಂಟು ಇದೆಯೇ.

ಕರ್ನಾಟಕದವರು ಇಲ್ಲಿ ವಿಶೇಷ ಗಮನ ಕೊಡಬೇಕು. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಎಚ್‌ಎಎಲ್, ಬಿಇಎಲ್, ಇಸ್ರೋ, ಡಿಆರ್‌ಡಿಒ ಪ್ರಯೋಗಾಲಯಗಳಲ್ಲಿ ಕೆಲಸ ಮಾಡಿದವರು ಒಬ್ಬರಾದರೂ ಇರುತ್ತಾರೆ. ನಮಗೆ ಅದು ಮಾಮೂಲಿ ಸರ್ಕಾರಿ ನೌಕರಿ. ತನಿಖೆ ಮಾಡುವವರಿಗೆ ಅದು ಬೇರೆ ದೇಶದ ರಕ್ಷಣಾ ಅಥವಾ ಬಾಹ್ಯಾಕಾಶ ಸಂಸ್ಥೆ. ಅಣ್ಣ ಎಚ್‌ಎಎಲ್‌ನಲ್ಲಿ ಇದ್ದರೆ 'ಇಂಜಿನಿಯರ್' ಎಂದಷ್ಟೇ ಬರೆದು ಬಿಡಬೇಡಿ, ಸಂಸ್ಥೆಯ ಹೆಸರು ಹಾಕಿ. ಮಾವ ನಿವೃತ್ತರಾಗಿ ಪಿಂಚಣಿ ಪಡೆಯುತ್ತಿದ್ದರೆ ಹಿಂದೆ ಎಲ್ಲಿದ್ದರು ಎಂಬುದನ್ನೂ ಹೇಳಿ. ಅಣ್ಣನ ಕೆಲಸದ ಗುಟ್ಟಿನ ವಿವರ ನಿಮಗೆ ಗೊತ್ತಿರಬೇಕೆಂದು ಯಾರೂ ಬಯಸುವುದಿಲ್ಲ. "ಅವನ ಕೆಲಸದ ಬಗ್ಗೆ ನಾವು ಮಾತಾಡುವುದಿಲ್ಲ" ಎಂಬುದು ನಿಜವಾಗಿದ್ದರೆ ಅದು ಒಳ್ಳೆಯ ಉತ್ತರವೇ.

19ನೇ ಭಾಗ ಉಳಿದ ವಿದೇಶಿ ಸಂಪರ್ಕಗಳಿಗೆ. ಕಳೆದ 7 ವರ್ಷಗಳಲ್ಲಿ ನೀವು ಅಥವಾ ನಿಮ್ಮ ಸಂಗಾತಿ ಹತ್ತಿರದ, ಮುಂದುವರಿದ ಸಂಪರ್ಕ ಇಟ್ಟುಕೊಂಡ ವಿದೇಶಿಗರು ಇಲ್ಲಿ ಬರುತ್ತಾರೆ. ಪ್ರೀತಿ, ಪ್ರಭಾವ, ಸಮಾನ ಆಸಕ್ತಿ ಅಥವಾ ಋಣ, ಇವುಗಳಲ್ಲಿ ಒಂದಿದ್ದರೂ ಸೇರಿಸಬೇಕು. ಅಜ್ಜಿ, ಚಿಕ್ಕಪ್ಪ, ಸೋದರಮಾವ, ಕಸಿನ್‌ಗಳು 18ರಲ್ಲಿ ಬರುವುದಿಲ್ಲ, ಆದ್ದರಿಂದ ಹತ್ತಿರದವರನ್ನು ಇಲ್ಲಿ ಬರೆಯಬೇಕು.

ಜಾಸ್ತಿ ಜನ ಎಡವುವ ಜಾಗ ಒಂದಿದೆ. ವಿದೇಶಿಗರು ಎಂದರೆ ವಿದೇಶದಲ್ಲಿ ಇರುವವರು ಎಂದು ತಿಳಿಯುತ್ತಾರೆ. ಹಾಗಲ್ಲ. ಅಮೆರಿಕದ ಪೌರತ್ವ ಇಲ್ಲದ ಪ್ರತಿಯೊಬ್ಬರೂ ಈ ಲೆಕ್ಕದಲ್ಲಿ ವಿದೇಶಿಗರೇ. ಪಕ್ಕದ ಬೀದಿಯಲ್ಲೇ ಇರುವ, ಎಚ್-1ಬಿ ವೀಸಾದಲ್ಲಿ ಅಥವಾ ಗ್ರೀನ್ ಕಾರ್ಡಿನಲ್ಲಿರುವ, ವಾರ ವಾರ ಮನೆಗೆ ಬರುವ ಗೆಳೆಯನೂ ಸೇರುತ್ತಾನೆ. ಕನ್ನಡ ಕೂಟದ ಯುಗಾದಿ ಊಟದಲ್ಲಿ ನಮಸ್ಕಾರ ಹೇಳಿದವರನ್ನೆಲ್ಲ ಬರೆಯಬೇಕಾಗಿಲ್ಲ. ಶಾಲೆಯ ಹಳೆಯ ವಾಟ್ಸ್ಆ್ಯಪ್ ಗುಂಪಿನ ಎಲ್ಲರನ್ನೂ ಬರೆಯಬೇಕಾಗಿಲ್ಲ. ಆದರೆ ಆ ಗುಂಪಿನಲ್ಲಿ ಒಬ್ಬರ ಜೊತೆ ನೀವು ಬೇರೆಯಾಗಿ, ನಿಯಮಿತವಾಗಿ ಮಾತಾಡುತ್ತಿದ್ದರೆ ಅವರ ಹೆಸರು ಬೇಕು. ಅನುಮಾನ ಬಂದರೆ ಬರೆದುಬಿಡಿ. ಒಂದು ಹೆಸರು ಹೆಚ್ಚಾದರೆ ನಷ್ಟವಿಲ್ಲ.

5. ಆಸ್ತಿ, ಬ್ಯಾಂಕ್, ಊರಿಗೆ ಕಳಿಸುವ ಹಣ

20ಎ ಭಾಗದ ಹಲವು ಪ್ರಶ್ನೆಗಳಲ್ಲಿ "ಎಂದಾದರೂ" ಎಂಬ ಪದ ಇದೆ. 7 ವರ್ಷದ ಮಿತಿ ಅಲ್ಲಿಗಿಲ್ಲ. ಎನ್‌ಆರ್‌ಇ, ಎನ್‌ಆರ್‌ಒ ಎಂಬ ಅನಿವಾಸಿಗಳ ಬ್ಯಾಂಕ್ ಖಾತೆಗಳು, ಫಿಕ್ಸೆಡ್ ಡೆಪಾಸಿಟ್, ಪಿಪಿಎಫ್, ಷೇರು, ಮ್ಯೂಚುವಲ್ ಫಂಡ್, ಅಮ್ಮನ ಜೊತೆಗಿನ ಜಂಟಿ ಖಾತೆ ಎಲ್ಲ ಬರೆಯಿರಿ. ಕಾಲೇಜಿನಲ್ಲಿದ್ದಾಗ ತೆರೆದು ಮರೆತುಹೋದ ಉಳಿತಾಯ ಖಾತೆಯನ್ನೂ ಹುಡುಕಿ. ಸಂಗಾತಿಯ ಹೆಸರಿನಲ್ಲಿರುವುದೂ ಬೇಕು.

ಮನೆ, ಸೈಟ್, ತೋಟ ಇದ್ದರೆ ಖಾತಾ ಅಥವಾ ಪಹಣಿ ಯಾರ ಹೆಸರಿನಲ್ಲಿದೆ ಎಂದು ಮೊದಲು ನೋಡಿ. ಶಿವಮೊಗ್ಗದ ಮನೆ ಅಪ್ಪನ ಹೆಸರಿನಲ್ಲೇ ಇದ್ದರೆ ಅದು ನಿಮ್ಮದಲ್ಲ. ಆದರೆ ಮುಂದೆ ನಿಮ್ಮದಾಗುವ ನಿರೀಕ್ಷೆ ಇದ್ದರೆ ಅದನ್ನೂ ಅರ್ಜಿ ಕೇಳುತ್ತದೆ. ಅಣ್ಣತಮ್ಮಂದಿರ ನಡುವೆ ಪಾಲಾಗದ ಅಡಿಕೆ ತೋಟದಂಥ ಆಸ್ತಿಗೆ ಟಿಪ್ಪಣಿ ಬರೆಯಿರಿ: ಪಿತ್ರಾರ್ಜಿತ, ಇಷ್ಟು ಜನ ಪಾಲುದಾರರು, ನನ್ನ ಪಾಲಿನ ಅಂದಾಜು ಬೆಲೆ ಇಷ್ಟು ಡಾಲರ್, ಅದರಿಂದ ನನಗೆ ಆದಾಯ ಬರುತ್ತದೆ ಅಥವಾ ಇಲ್ಲ.

ಹಾಗಾದರೆ ಮಾರಿಬಿಡಬೇಕೇ? ಆತುರ ಬೇಡ. ನೋಡುವುದು ಆ ಆಸ್ತಿಯ ಮೊತ್ತವನ್ನು ಮಾತ್ರ ಅಲ್ಲ. ನಿಮ್ಮ ಒಟ್ಟು ಬದುಕಿನಲ್ಲಿ ಅದರ ತೂಕ ಎಷ್ಟು ಎಂಬುದನ್ನು ನೋಡುತ್ತಾರೆ. ಇಲ್ಲಿ ಮನೆ, 401ಕೆ ನಿವೃತ್ತಿ ಉಳಿತಾಯ, ಇಲ್ಲೇ ಓದುವ ಮಕ್ಕಳು ಇದ್ದು, ಊರಿನ ಸೈಟ್ ಒಟ್ಟು ಆಸ್ತಿಯ ಸಣ್ಣ ಭಾಗ ಆಗಿದ್ದರೆ, ಅದನ್ನು ಹಿಡಿದು ನಿಮ್ಮನ್ನು ಬಗ್ಗಿಸಲಾಗದು ಎಂದು ವಾದಿಸಬಹುದು. ಉಳಿತಾಯ ಬಹುಪಾಲು ಭಾರತದಲ್ಲೇ ಇದ್ದರೆ ಪ್ರಶ್ನೆ ಗಟ್ಟಿಯಾಗಿ ಬರುತ್ತದೆ. ಅದಕ್ಕೆ ಸಿದ್ಧರಾಗಿ.

ಊರಿಗೆ ಕಳಿಸುವ ಹಣವೂ ಬೇಕು. ವಿದೇಶಿಗರಿಗೆ ಎಂದಾದರೂ ಆರ್ಥಿಕ ನೆರವು ಕೊಟ್ಟಿದ್ದೀರಾ ಎಂಬ ಪ್ರಶ್ನೆ ಇದೆ. ಅಮ್ಮನ ಔಷಧಿಗೆ ತಿಂಗಳು ತಿಂಗಳು ಕಳಿಸುವುದು, ತಂಗಿಯ ಮದುವೆಗೆ ಕೊಟ್ಟದ್ದು ಇದರಲ್ಲೇ ಬರುತ್ತವೆ. "ಅಮ್ಮನಿಗೆ ಕೊಡುವುದನ್ನು ಯಾರಾದರೂ ನೆರವು ಅಂತಾರಾ?" ಎಂದು ನಮಗೆ ಅನ್ನಿಸುತ್ತದೆ. ಆದರೂ ಬರೆಯಿರಿ.

ತೆರಿಗೆಯ ಕಡೆಯಿಂದಲೂ ಹೊಂದಬೇಕು. ವಿದೇಶಿ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದರೂ ಎಫ್‌ಬಾರ್ ಎಂಬ ವರದಿ ಸಲ್ಲಿಸಬೇಕು. ಕ್ಲಿಯರೆನ್ಸ್ ಅರ್ಜಿಯಲ್ಲಿ ಖಾತೆ ಇದೆ, ಎಫ್‌ಬಾರ್ ಇಲ್ಲ ಎಂದಾದರೆ ಹೊಸ ಪ್ರಶ್ನೆ ಏಳುತ್ತದೆ. ಬಿಟ್ಟುಹೋಗಿದ್ದರೆ ತೆರಿಗೆ ಸಲಹೆಗಾರರ ಹತ್ತಿರ ಹೋಗಿ ಈಗಲೇ ಸರಿಪಡಿಸಿ.

6. ಪ್ರಯಾಣ ಮತ್ತು ಮತದಾನ

ಕಳೆದ 7 ವರ್ಷಗಳ ವಿದೇಶ ಪ್ರಯಾಣ ಎಲ್ಲ ಬೇಕು. ಪಾಸ್‌ಪೋರ್ಟಿನ ಮುದ್ರೆಗಳು ಮತ್ತು ಇಮೇಲ್‌ನಲ್ಲಿರುವ ಟಿಕೆಟ್‌ಗಳನ್ನು ನೋಡಿ ಪಟ್ಟಿ ಮಾಡಿ. ಬೇರೆ ದೇಶದ ಚುನಾವಣೆಯಲ್ಲಿ ಎಂದಾದರೂ ಮತ ಹಾಕಿದ್ದೀರಾ ಎಂದೂ ಕೇಳುತ್ತಾರೆ. ಭಾರತದ ಪೌರರಾಗಿದ್ದಾಗ ಊರಿನಲ್ಲಿ ಓಟು ಹಾಕಿದ್ದರೆ ಉತ್ತರ "ಹೌದು". ಆಗ ಅದು ನಿಮ್ಮ ಹಕ್ಕಾಗಿತ್ತು, ಹಾಗೆಂದು ಬರೆಯಿರಿ. ಸುಮ್ನೆ "ಇಲ್ಲ" ಎಂದು ಟಿಕ್ ಮಾಡಿದರೆ ಸಣ್ಣ ವಿಷಯವೇ ಸುಳ್ಳಾಗಿ ನಿಲ್ಲುತ್ತದೆ. ಫೆಡರಲ್ ಅರ್ಜಿಯಲ್ಲಿ ಬೇಕೆಂದೇ ಸುಳ್ಳು ಹೇಳಿದರೆ 5 ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು.

7. ಕಾಯುವಿಕೆ ಮತ್ತು ಸಂದರ್ಶನ

ಪೂರ್ತಿ ತೀರ್ಮಾನ ಬರುವ ಮೊದಲು ಕೆಲವರಿಗೆ ಇಂಟರಿಮ್, ಅಂದರೆ ತಾತ್ಕಾಲಿಕ ಕ್ಲಿಯರೆನ್ಸ್ ಕೊಡುತ್ತಾರೆ. ವಿದೇಶಿ ನಂಟು ಇರುವವರಿಗೆ ಅದು ಸಿಗದೇ ಹೋಗಬಹುದು. ಅದನ್ನು ತಿರಸ್ಕಾರ ಎಂದುಕೊಂಡು ಎದೆಗುಂದಬೇಡಿ, ಅಂತಿಮ ತೀರ್ಮಾನ ಬೇರೆಯೇ.

ತನಿಖಾಧಿಕಾರಿ ಮುಖಾಮುಖಿ ಮಾತಾಡಿದಾಗ ಅರ್ಜಿಯ ಪ್ರತಿ ಕೈಯಲ್ಲಿರಲಿ. ಏನಾದರೂ ಬಿಟ್ಟುಹೋಗಿದ್ದು ನೆನಪಾದರೆ ಅವರು ಕೇಳುವ ಮೊದಲೇ ಹೇಳಿ. ತಾವಾಗಿ ಬೇಗ ತಿದ್ದಿಕೊಂಡವರ ಪರವಾಗಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ನಮ್ಮಲ್ಲಿ ಒಂದು ಅಭ್ಯಾಸ ಇದೆ: ಅಧಿಕಾರಿಯ ಮುಂದೆ "ಊರಿನ ಜೊತೆ ಈಗ ಅಂಥ ಸಂಪರ್ಕ ಏನಿಲ್ಲ ಸಾರ್" ಎಂದುಬಿಡುವುದು. ದಿನಾ ಸಂಜೆ ಅಮ್ಮನಿಗೆ ಫೋನ್ ಮಾಡುವವರು ಹಾಗೆ ಹೇಳಬಾರದು. ಹೆತ್ತವರನ್ನು ಪ್ರೀತಿಸುವುದು ಅಲ್ಲಿ ಯಾರಿಗೂ ಆಶ್ಚರ್ಯದ ವಿಷಯವಲ್ಲ. ಕ್ಲಿಯರೆನ್ಸ್‌ಗಾಗಿ ಫೋನ್ ಮಾಡುವುದನ್ನು ನಿಲ್ಲಿಸಿದವರ ಬಗ್ಗೆ ಕೇಳಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ಅಂಥ ತ್ಯಾಗವನ್ನು ಯಾವ ನಿಯಮವೂ ಕೇಳಿಲ್ಲ.

"ನಿಮ್ಮ ಅಣ್ಣನಿಗೆ ತೊಂದರೆ ಕೊಡುತ್ತೇವೆ ಎಂದು ಯಾರಾದರೂ ಹೆದರಿಸಿದರೆ ಏನು ಮಾಡುತ್ತೀರಿ?" ಎಂಬಂಥ ಪ್ರಶ್ನೆ ಬರಬಹುದು. ತಕ್ಷಣ ಭದ್ರತಾ ಅಧಿಕಾರಿಗೆ ತಿಳಿಸುತ್ತೇನೆ ಎಂಬುದೇ ಸರಿಯಾದ ದಾರಿ. ಇದನ್ನು ಬಾಯಿಪಾಠ ಮಾಡದೆ, ಮೊದಲೇ ಮನಸ್ಸಿನಲ್ಲಿ ಯೋಚಿಸಿಟ್ಟುಕೊಳ್ಳಿ.

8. ಆಕ್ಷೇಪದ ಪತ್ರ ಬಂದರೆ

ಸಮಾಧಾನವಾಗದಿದ್ದರೆ ಎಸ್‌ಒಆರ್ ಬರುತ್ತದೆ. ಯಾವ ಮಾರ್ಗಸೂಚಿಯಡಿ ಏನು ಆಕ್ಷೇಪ ಎಂದು ಪಟ್ಟಿ ಮಾಡಿದ ಪತ್ರ ಇದು. ರಕ್ಷಣಾ ಇಲಾಖೆಯ ಗುತ್ತಿಗೆ ಕಂಪನಿಗಳ ನೌಕರರು ಪತ್ರ ತಲುಪಿದ 20 ದಿನಗಳಲ್ಲಿ ಪ್ರಮಾಣ ಮಾಡಿ ಲಿಖಿತ ಉತ್ತರ ಕೊಡಬೇಕು. ಡೋಹಾ (DOHA, ಡಿಫೆನ್ಸ್ ಆಫೀಸ್ ಆಫ್ ಹಿಯರಿಂಗ್ಸ್ ಅಂಡ್ ಅಪೀಲ್ಸ್) ಎಂದು ಕರೆಯುವ ಕಚೇರಿಯ ಆಡಳಿತ ನ್ಯಾಯಾಧೀಶರ ಮುಂದೆ ವಿಚಾರಣೆ ಬೇಕೆಂದು ಕೇಳಬಹುದು. ಬರೀ ಕಾಗದದ ಮೇಲೆ ತೀರ್ಪು ಕೊಡಿ ಎನ್ನಲೂಬಹುದು. ನನ್ನ ಅಭಿಪ್ರಾಯದಲ್ಲಿ ವಿಚಾರಣೆಯೇ ಮೇಲು. ಕುಟುಂಬದ ವಿಷಯವನ್ನು ಎದುರಿಗೆ ಕೂತು ಹೇಳಿದಷ್ಟು ಚೆನ್ನಾಗಿ ಕಾಗದದಲ್ಲಿ ಹೇಳಲಾಗದು. ಈ ಹಂತದಲ್ಲಿ ಕ್ಲಿಯರೆನ್ಸ್ ವಿಷಯದಲ್ಲಿ ಅನುಭವ ಇರುವ ವಕೀಲರು ಬೇಕು. ವಲಸೆ ವಕೀಲರು ಸಾಲದು.

ಸಾಬೀತು ಮಾಡುವ ಹೊಣೆ ಇಲ್ಲಿ ಬಹುಮಟ್ಟಿಗೆ ನಿಮ್ಮ ಮೇಲಿದೆ. ಅನುಮಾನ ಉಳಿದರೆ ಅದು ರಾಷ್ಟ್ರೀಯ ಭದ್ರತೆಯ ಪರವಾಗಿ ತೀರ್ಮಾನ ಆಗುತ್ತದೆ. ಕ್ಲಿಯರೆನ್ಸ್ ಯಾರ ಹಕ್ಕೂ ಅಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1988ರಲ್ಲೇ, ಈಗನ್ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ಇಲ್ಲಿನ ಬೇರುಗಳನ್ನು ತೋರಿಸುವ ದಾಖಲೆ ತನ್ನಿ: ಮನೆ, ಉಳಿತಾಯ, ತೆರಿಗೆ, ಮಕ್ಕಳ ಶಾಲೆ, ಸ್ವಯಂಸೇವೆ, ನಿಮ್ಮನ್ನು ಬಲ್ಲ ಮೇಲಧಿಕಾರಿಗಳ ಪತ್ರ. ಡೋಹಾ ತನ್ನ ತೀರ್ಪುಗಳನ್ನು ಅರ್ಜಿದಾರರ ಹೆಸರು ತೆಗೆದು ಪ್ರಕಟಿಸುತ್ತದೆ. 'ಬಿ' ಮಾರ್ಗಸೂಚಿ ಮತ್ತು ಭಾರತ ಎರಡೂ ಇರುವ ಕೆಲವು ತೀರ್ಪುಗಳನ್ನು ಓದಿ. ನಿಮ್ಮಂಥದ್ದೇ ಕುಟುಂಬಗಳು ಅಲ್ಲಿ ಸಿಗುತ್ತವೆ, ಯಾವ ವಾದ ನಿಂತಿತು, ಯಾವುದು ಬಿತ್ತು ಎಂಬುದೂ ಗೊತ್ತಾಗುತ್ತದೆ.

9. ಕ್ಲಿಯರೆನ್ಸ್ ಸಿಕ್ಕ ಮೇಲೆ

ಸೀಡ್-3 ಎಂಬ ಇನ್ನೊಂದು ನಿರ್ದೇಶನ ಈಗ ನಿಮಗೆ ಅನ್ವಯಿಸುತ್ತದೆ. ಸ್ವಂತ ಕೆಲಸಕ್ಕೆ ಭಾರತಕ್ಕೆ ಹೋಗುವ ಮೊದಲು ತಿಳಿಸಬೇಕು. ಹತ್ತಿರದ ಹೊಸ ವಿದೇಶಿ ಸಂಪರ್ಕವನ್ನು ವರದಿ ಮಾಡಬೇಕು. ವಿದೇಶಿ ಪೌರತ್ವ ಅಥವಾ ಪಾಸ್‌ಪೋರ್ಟಿಗೆ ಅರ್ಜಿ ಹಾಕುವುದು, ಹೊಸ ವಿದೇಶಿ ಖಾತೆ ತೆರೆಯುವುದು, ಅಲ್ಲಿ ಆಸ್ತಿ ಕೊಳ್ಳುವುದು ಇಂಥವು ಕ್ಲಿಯರೆನ್ಸ್ ಹಂತಕ್ಕೆ ತಕ್ಕಂತೆ ವರದಿಯ ಪಟ್ಟಿಗೆ ಬರುತ್ತವೆ. ನಿಮ್ಮ ಹಂತಕ್ಕೆ ಯಾವುದೆಲ್ಲ ಬೇಕು ಎಂದು ಎಫ್‌ಎಸ್‌ಒ ಹತ್ತಿರ ಲಿಖಿತವಾಗಿ ಕೇಳಿ ಪಡೆಯಿರಿ.

ಬಾಣಂತನಕ್ಕೆ ಅಮ್ಮನೋ ಅತ್ತೆಯೋ ಬಂದು ತಿಂಗಳುಗಟ್ಟಲೆ ಇರುವುದು ನಮ್ಮಲ್ಲಿ ಸಹಜ. ವಿದೇಶಿಗರು ನಿಮ್ಮ ಮನೆಯಲ್ಲಿ 30 ದಿನಕ್ಕಿಂತ ಜಾಸ್ತಿ ಜೊತೆಗೆ ವಾಸಿಸುವುದು ಟಾಪ್ ಸೀಕ್ರೆಟ್ ಇರುವವರ ವರದಿ ಪಟ್ಟಿಯಲ್ಲಿದೆ. ಅವರ ಟಿಕೆಟ್ ಬುಕ್ ಆದ ವಾರವೇ ಭದ್ರತಾ ಅಧಿಕಾರಿಗೆ ಒಂದು ಇಮೇಲ್ ಹಾಕಿ.

ಊರಿನಿಂದ ಕೆಟ್ಟ ಸುದ್ದಿ ಬಂದು ಅವತ್ತೇ ರಾತ್ರಿ ಹೊರಡಬೇಕಾದ ಸಂದರ್ಭಕ್ಕೂ ನಿಯಮದಲ್ಲಿ ಜಾಗ ಇದೆ. ಹೊರಡುವ ಮೊದಲು ಮೇಲಧಿಕಾರಿಗೋ ಭದ್ರತಾ ಅಧಿಕಾರಿಗೋ ಬಾಯಿಮಾತಿನಲ್ಲಾದರೂ ತಿಳಿಸಿ. ವಾಪಸ್ ಬಂದ ಮೇಲೆ 5 ಕೆಲಸದ ದಿನಗಳ ಒಳಗೆ ಪೂರ್ತಿ ವರದಿ ಕೊಡಿ. ಅವರ ಫೋನ್ ನಂಬರ್ ಈಗಲೇ ಮೊಬೈಲಿನಲ್ಲಿ ಹಾಕಿಟ್ಟುಕೊಳ್ಳಿ, ಸಂಗಾತಿಯ ಮೊಬೈಲಿನಲ್ಲೂ ಇರಲಿ.